ಕೀರ್ತನೆಯೊಳಗೆ ನಾನಿಟ್ಟ ಹೆಸರು

ಕತೆ ಕಟ್ಟುವುದು ನನಗೆ ಬರುವುದಿಲ್ಲ. ಬರೆದಿಡುವುದು ಮಾತ್ರ ಬರುತ್ತದೆ. ಎಷ್ಟು ಗಂಟೆಗೆ ಎದ್ದೆ, ಎಷ್ಟು ಅಧ್ಯಾಯ ಓದಿದೆ, ಎಷ್ಟು ನಿಮಿಷ ಪ್ರಾರ್ಥನೆ ಮಾಡಿದೆ... ಏಳು ವರ್ಷದಿಂದ ಒಂದು ದಿನವೂ ಬಿಡದೆ ಡೈರಿಯಲ್ಲಿದೆ. ಆದ್ದರಿಂದ ಆ ಗುರುವಾರ ರಾತ್ರಿ ನಡೆದದ್ದನ್ನು ಯಾರಾದರೂ ಕನಸು ಎಂದರೆ ಆ ಪುಟ ತೆಗೆದು ತೋರಿಸಬಲ್ಲೆ. ಮೂರು ಗಂಟೆ ಇಪ್ಪತ್ತೆರಡು ನಿಮಿಷ. ಮೂರು ಇಪ್ಪತ್ತೇಳು. ಮೂರು ನಲವತ್ತು. ಅಕ್ಷರಗಳು ಸೊಟ್ಟಗಾಗಿವೆ, ಆದರೆ ಓದಬಹುದು.

ತೋರಿಸಬಲ್ಲೆ ಎಂದೆ. ಇದುವರೆಗೆ ಯಾರಿಗೂ ತೋರಿಸಿಲ್ಲ.

ನಾವಿರುವುದು ಹೆಗ್ಗನಹಳ್ಳಿಯಲ್ಲಿ. ಮನೆಯಲ್ಲಿ ಅಮ್ಮ ಮತ್ತು ನಾನು, ಇಬ್ಬರೇ. ನಾನು ವಿಜಯನಗರದ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಬಂದವರ ರಕ್ತದ ಟ್ಯೂಬಿಗೆ ಅವರ ಹೆಸರು, ವಯಸ್ಸು, ನಂಬರು ಇರುವ ಚೀಟಿ ಅಂಟಿಸುವುದು ನನ್ನ ಕೆಲಸ. ಒಬ್ಬರ ಹೆಸರು ಇನ್ನೊಬ್ಬರ ಟ್ಯೂಬಿಗೆ ಹೋಗಬಾರದು. ನಾಲ್ಕು ವರ್ಷದಲ್ಲಿ ಒಮ್ಮೆಯೂ ಹೋಗಿಲ್ಲ.

ನಮ್ಮ ಸಭೆ ನಮ್ಮ ಬೀದಿಯಲ್ಲೇ ಇದೆ, ಮನೆಯಿಂದ ಐದನೇ ಕಟ್ಟಡ. ಸಭೆ ಎಂದರೆ ಗೋಪುರ, ಗಂಟೆ ಇರುವ ದೊಡ್ಡ ಚರ್ಚಲ್ಲ. ಕೆಳಗೆ ಲೇತ್ ಮೆಷಿನ್ನುಗಳ ವರ್ಕ್‌ಶಾಪ್, ಮೇಲೆ ಒಂದು ಉದ್ದನೆಯ ಕೋಣೆ, ಹೊರಗಿನಿಂದ ಹತ್ತಲು ಕಬ್ಬಿಣದ ಮೆಟ್ಟಿಲು. ಯಾರು ಹತ್ತಿದರೂ ಠಣ್ ಠಣ್ ಎಂದು ಇಡೀ ಬೀದಿಗೆ ಕೇಳುತ್ತದೆ. ಕೆಳಗಿನ ಎಣ್ಣೆಯ ವಾಸನೆ, ಕಾದ ಕಬ್ಬಿಣದ ಪುಡಿಯ ವಾಸನೆ ಭಾನುವಾರವೂ ಮೇಲಕ್ಕೆ ಬರುತ್ತಿರುತ್ತದೆ. ನಮಗೆ ಅದೇ ದೇವರ ಮನೆಯ ವಾಸನೆ.

ಬುಧವಾರದ ಪ್ರಾರ್ಥನಾ ಕೂಟದಲ್ಲಿ ಎಲ್ಲರೂ ಜಮಖಾನದ ಮೇಲೆ ಸುತ್ತ ಕೂತು, ಒಬ್ಬೊಬ್ಬರಾಗಿ ಬಾಯಿ ಬಿಟ್ಟು ಪ್ರಾರ್ಥಿಸಬೇಕು. ನನಗೆ ಆಗದಿದ್ದದ್ದು ಅದೇ. ಸತ್ಯವೇದವನ್ನು, ಎಂದರೆ ಬೈಬಲನ್ನು, ಮೂರು ಸಲ ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸಿದ್ದೇನೆ, ಅದರ ಲೆಕ್ಕವೂ ಇದೆ. ಆದರೆ ಕಣ್ಣು ಮುಚ್ಚಿದ ಕೂಡಲೇ ಒಂದು ಮಾತೂ ಸಿಗುವುದಿಲ್ಲ. "ತಂದೆಯೇ, ಸ್ತೋತ್ರ. ಎಲ್ಲರನ್ನೂ ಆಶೀರ್ವದಿಸು. ಅಮ್ಮನ ಬಿಪಿ ಕಡಿಮೆ ಮಾಡು. ಆಮೆನ್." ಅಷ್ಟೇ.

ಸಭೆಯ ಪಾಸ್ಟರು, ನಮ್ಮ ಅಯ್ಯನವರು, ಒಮ್ಮೆ ನಗುತ್ತಾ ಹೇಳಿದ್ದರು, "ಸುಜಾತಮ್ಮ, ನಿಮ್ಮ ಪ್ರಾರ್ಥನೆ ಟೆಲಿಗ್ರಾಂ ಇದ್ದ ಹಾಗೆ. ದೇವರು ಓದೋಕ್ ಮುಂಚೆ ಮುಗಿದೋಗಿರುತ್ತೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಲ್ಲಿಯವರೆಗೆ ಅದು ಅಷ್ಟೇನೂ ನೋಯುತ್ತಿರಲಿಲ್ಲ. ಆಮೇಲೆ ಮಾರ್ಥಾ ಬಂದಳು.

ಮಾರ್ಥಾ ಗದಗಿನ ಕಡೆಯವಳು. ಸುಂಕದಕಟ್ಟೆಯ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ. ನಮ್ಮ ಮನೆಯ ಮೇಲಿನ ಒಂಟಿ ರೂಮಿಗೆ ಬಾಡಿಗೆಗೆ ಬಂದಾಗ ಅವಳ ಹತ್ತಿರ ಎರಡು ಚೀಲ, ಒಂದು ಕುಕ್ಕರ್, ಬೈಂಡು ಕಿತ್ತುಹೋದ ಒಂದು ಸತ್ಯವೇದ ಇತ್ತು. ನನಗಿಂತ ಮೂರು ವರ್ಷ ಚಿಕ್ಕವಳು. ಬಾಯಲ್ಲಿ ಯಾವಾಗಲೂ ಒಂದು ಲವಂಗ. ಹತ್ತಿರ ಬಂದರೆ ಮೊದಲು ಆ ವಾಸನೆ, ಆಮೇಲೆ ಅವಳು.

ಮೊದಲ ಬುಧವಾರ ಅವಳ ಸರದಿ ಬಂದಾಗ ಅವಳು ಕಣ್ಣು ಮುಚ್ಚಲಿಲ್ಲ. ಸತ್ಯವೇದದ ಕೀರ್ತನೆಗಳ ಒಂದು ಪುಟ ತೆರೆದು ತೊಡೆಯ ಮೇಲಿಟ್ಟುಕೊಂಡಳು. ಅಲ್ಲಿ ಯಾವನೋ ಹಳೆಯ ಕಾಲದವನು ತನ್ನ ಸಂಕಟವನ್ನು ದೇವರ ಮುಂದೆ ಹೇಳಿಕೊಂಡಿದ್ದ. ಅವನು "ನಾನು" ಎಂದಲ್ಲೆಲ್ಲ ಮಾರ್ಥಾ ನನ್ನ ಅಮ್ಮನ ಹೆಸರಿಟ್ಟಳು. ರತ್ನಮ್ಮನ ದಣಿದ ಎಲುಬು, ರತ್ನಮ್ಮ ನಿದ್ದೆಯಿಲ್ಲದೆ ಕಳೆದ ರಾತ್ರಿ, ರತ್ನಮ್ಮನನ್ನು ಬಿಟ್ಟುಹೋದವರು... ಒಂದೊಂದು ಸಾಲೂ ಅಮ್ಮನಿಗಾಗಿಯೇ ಬರೆದ ಹಾಗಿತ್ತು.

ಅಪ್ಪ ತೀರಿಕೊಂಡಾಗಲೂ ಜನರೆದುರು ಅಳದ ಅಮ್ಮ ಆ ದಿನ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಅಂದಿನ ನನ್ನ ಡೈರಿ ಹೀಗಿದೆ: "ಮಾರ್ಥಾ, ಹನ್ನೊಂದು ನಿಮಿಷ. ಬಿದ್ದ ಆಮೆನ್, ಹದಿನಾಲ್ಕು. ನಾನು, ಮುಕ್ಕಾಲು ನಿಮಿಷ. ಬಿದ್ದ ಆಮೆನ್, ಎರಡು. ಅದರಲ್ಲಿ ಒಂದು ಅಮ್ಮನದು."

ಸುತ್ತ ಕೂತವರು ಒಪ್ಪಿ ಹೇಳುವ ಆಮೆನ್ ಎಣಿಸುವುದು ತಪ್ಪೆಂದು ಗೊತ್ತು. ಆದರೂ ಆ ದಿನದಿಂದ ಒಂದು ವಾರವೂ ಬಿಡದೆ ಎಣಿಸಿದೆ.

ಅವಳ ಹತ್ತಿರವೇ ಕಲಿಯಲು ಹೋದೆ. ಟೆರೇಸಿನ ಮೇಲೆ ಬಟ್ಟೆ ಹರವುತ್ತಿದ್ದಳು.

"ಇದರಾಗ ಏನೈತ್ರಿ ಅಕ್ಕಾರ," ಎಂದಳು, ಒಂದು ಕ್ಲಿಪ್ಪನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ. "ಮಾತು ನಮ್ವಲ್ಲ. ಅಲ್ಲೆ ಬರದಾರ. ನಾವು ಹೆಸರು ಇಡೂದು ಅಷ್ಟ. ಯಾರ ಸಲುವಾಗಿ ಬೇಡ್ತೀವಿ, ಅವ್ರ ಹೆಸರು."

"ಮತ್ತೆ ವೈರಿಗಳ ಸಾಲು ಬಂದ್ರೆ? ಅವರನ್ನ ಹೊಡಿ, ಅವರ ಬಾಯಿ ಮುಚ್ಚಿಸು ಅಂತೆಲ್ಲ ಇರುತ್ತಲ್ಲ?"

ಮಾರ್ಥಾ ಕ್ಲಿಪ್ಪನ್ನು ಬಾಯಿಂದ ತೆಗೆದಳು. "ಅಲ್ಲೆ ಮನಷ್ಯಾರ ಹೆಸರು ಇಡಬಾರದ್ರಿ. ಅಲ್ಲೆ ರೋಗದ ಹೆಸರು ಇಡಬೇಕು. ಜ್ವರ ಬಂದಿದ್ರ ಜ್ವರದ ಹೆಸರು. ಕುಡಿಯೂ ಚಟ ಇದ್ರ ಚಟದ ಹೆಸರು. ಮನಷ್ಯಾರ್ದು ಮಾತ್ರ ಬ್ಯಾಡ. ನಮ್ಮಜ್ಜಿ ಕಡೇತನಾ ಅದೊಂದ ಹೇಳ್ತಿದ್ಲು."

"ಇಟ್ರೆ ಏನಾಗುತ್ತೆ?"

"ಯಾರೂ ಇಟ್ಟಿಲ್ರೀ, ಯಾರಿಗೆ ಗೊತ್ತು," ಎಂದು ನಕ್ಕಳು.

ನಾನು ಮನೆಯಲ್ಲಿ ಬಾಗಿಲು ಹಾಕಿಕೊಂಡು ಪ್ರಯತ್ನಿಸಿದೆ. ಇಪ್ಪತ್ತಾರು ದಿನ. ಹೆಸರು ಸರಿಯಾದ ಜಾಗದಲ್ಲೇ ಕೂರುತ್ತಿತ್ತು, ಆದರೆ ಲ್ಯಾಬಿನಲ್ಲಿ ಟ್ಯೂಬಿಗೆ ಚೀಟಿ ಅಂಟಿಸಿದ ಹಾಗೆ. ಒಣಗಿದ ಸದ್ದು. ಅದೇ ಹೊತ್ತಿಗೆ ಮೇಲಿನ ರೂಮಿನಿಂದ ಮಾರ್ಥಾಳ ದನಿ ಇಳಿದು ಬರುತ್ತಿತ್ತು, ನೀರು ಹರಿದ ಹಾಗೆ. ಬಾಗಿಲ ಸಂದಿಯಿಂದ ನೋಡಿದರೆ ಅಮ್ಮ ತರಕಾರಿ ಹೆಚ್ಚುವುದನ್ನು ನಿಲ್ಲಿಸಿ ತಲೆ ಎತ್ತಿ ಕೇಳುತ್ತಿದ್ದಳು. ನನ್ನ ಬಾಗಿಲ ಕಡೆ ಒಮ್ಮೆಯೂ ಹಾಗೆ ತಲೆ ಎತ್ತಿದ್ದು ನಾನು ನೋಡಲಿಲ್ಲ.

ಹೀಗಿರುವಾಗ ಅಮ್ಮನ ಹೊಟ್ಟೆಯಲ್ಲಿ ಗಡ್ಡೆ ಸಿಕ್ಕಿತು. ದೊಡ್ಡದು. ತೆಗೆದು ನೋಡಿದ ಮೇಲೆಯೇ ಅದು ಎಂಥದೆಂದು ಹೇಳಲಾಗುವುದು ಎಂದರು ಡಾಕ್ಟರು. ರಾಜಾಜಿನಗರದ ಒಂದು ಆಸ್ಪತ್ರೆಯಲ್ಲಿ ಶುಕ್ರವಾರ ಬೆಳಿಗ್ಗೆ ಆಪರೇಷನ್ ಎಂದು ಗೊತ್ತಾಯಿತು. ಸಭೆಯವರು ಗುರುವಾರ ರಾತ್ರಿ ಸರಪಳಿ ಪ್ರಾರ್ಥನೆ ಇಟ್ಟರು.

ಸರಪಳಿ ಪ್ರಾರ್ಥನೆ ಎಂದರೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಭೆಯಲ್ಲಿ ಯಾರಾದರೂ ಒಬ್ಬರು ಪ್ರಾರ್ಥಿಸುತ್ತಲೇ ಇರಬೇಕು. ಒಬ್ಬರಿಗೆ ಒಂದು ಗಂಟೆ. ಮುಂದಿನವರು ಬಂದು ಕೂತ ಮೇಲೆಯೇ ಹಿಂದಿನವರು ಏಳುವುದು. ನಡುವೆ ಸರಪಳಿ ಕಡಿಯಬಾರದು. ಹೆಂಗಸರನ್ನು ಜೋಡಿ ಮಾಡಿ ಹಾಕುತ್ತಾರೆ. ಮೂರರಿಂದ ನಾಲ್ಕರವರೆಗೆ ಸುಜಾತ ಮತ್ತು ಮಾರ್ಥಾ ಎಂದು ಪಟ್ಟಿಯಲ್ಲಿತ್ತು. ಪಟ್ಟಿ ಬರೆದವಳು ನಾನೇ.

ಗುರುವಾರ ಸಂಜೆ ಆಸ್ಪತ್ರೆಯಲ್ಲಿ ನರ್ಸ್ ಬಂದು, ರಾತ್ರಿ ವಾರ್ಡಿನಲ್ಲಿ ಒಬ್ಬರು ಮಾತ್ರ ಇರಬಹುದು ಎಂದಳು. ನಾನು ನನ್ನ ಬ್ಯಾಗು ಮಂಚದ ಕೆಳಗೆ ತಳ್ಳಿದೆ.

ಅಮ್ಮ ನನ್ನ ಕೈ ಹಿಡಿದಳು. "ನೀನು ಮನೆಗೆ ಹೋಗು ಕಣೇ. ಬೆಳಿಗ್ಗೆ ಬೇಗ ಬಾ. ಮಾರ್ಥಾ ಇರ್ಲಿ."

"ಯಾಕಮ್ಮ? ನಾನೇ ಇರ್ತೀನಿ."

"ಅವಳು ಪ್ರಾರ್ಥನೆ ಮಾಡಿದ್ರೆ ನಂಗೆ ನಿದ್ದೆ ಬರುತ್ತೆ ಕಣೇ. ಬೇಜಾರು ಮಾಡ್ಕೋಬೇಡ. ಭಯ ಆಗ್ತಾ ಇದೆ ನಂಗೆ... ನೀನಿದ್ರೆ ಮಾತ್ರೆ ಟೈಮ್ ಬರೀತಾ ಕೂತ್ಕೋತೀಯ."

ಅವಳು ತಮಾಷೆಗೆ ಹೇಳಿದಳು. ನಾನು ಮಂಚದ ಕೆಳಗಿನಿಂದ ಬ್ಯಾಗು ಎಳೆದುಕೊಂಡೆ.

ಲಿಫ್ಟಿನವರೆಗೆ ಮಾರ್ಥಾ ಬಂದಳು. ಆ ಬೈಂಡು ಕಿತ್ತ ಸತ್ಯವೇದವನ್ನು ನನ್ನ ಕೈಗಿಟ್ಟಳು. "ಇದು ನಿಮ್ಮ ಕಡೆ ಇರ್ಲ್ರಿ ಅಕ್ಕಾರ. ಪೆನ್ಸಿಲ್ ಗುರ್ತು ಹಾಕೀನಿ, ನೋಡ್ಕೊಂತ ಹೋಗ್ರಿ. ನನಗ ಬಾಯಾಗ ಬರ್ತೈತಿ."

ಬಾಯಲ್ಲೇ ಬರುತ್ತದಂತೆ. ಲಿಫ್ಟ್ ಕೆಳಗಿಳಿಯುವವರೆಗೂ ಹಲ್ಲು ಕಚ್ಚಿಕೊಂಡೇ ಇದ್ದೆ.

ರಾತ್ರಿ ಎರಡೂ ಐವತ್ತೈದಕ್ಕೆ ಸಭೆಯ ಮೆಟ್ಟಿಲು ಹತ್ತಿದೆ. ಎರಡರಿಂದ ಮೂರರ ಸರದಿ ಡೇನಿಯಲ್ ಅಂಕಲ್‌ದು. ಬಸ್ ಡ್ರೈವರ್ ಆಗಿ ರಿಟೈರ್ ಆದವರು. ನಾನು ಕೂತ ಮೇಲೆ ಎದ್ದು, ಮೊಣಕಾಲು ನೀವಿಕೊಂಡರು.

"ಒಬ್ಳೇ ಇದೀಯಲ್ಲಮ್ಮ. ಹೆದರ್ಕೋಬೇಡ. ಕೆಳಗೆ ಮೆಟ್ಟಿಲ ಹತ್ರ ಕುರ್ಚಿ ಹಾಕ್ಕೊಂಡು ಕೂತಿರ್ತೀನಿ. ನನ್ನ ದಾಟಿ ಒಂದು ಬೆಕ್ಕೂ ಹತ್ತಲ್ಲ."

ಠಣ್ ಠಣ್ ಎಂದು ಇಳಿದರು. ಕುರ್ಚಿ ಎಳೆದ ಸದ್ದು. ಆಮೇಲೆ ಟ್ಯೂಬ್‌ಲೈಟಿನ ಗುಂಯ್ ಸದ್ದು ಮಾತ್ರ. ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿದ ಪ್ಲಾಸ್ಟಿಕ್ ಕುರ್ಚಿಗಳು. ಕೆಳಗಿನಿಂದ ಎಣ್ಣೆಯ ವಾಸನೆ. ದೂರದಲ್ಲಿ ಪೀಣ್ಯದ ಕಡೆ ಹೋಗುವ ಲಾರಿಗಳು.

ನನ್ನ ಎದುರಿಗೆ ಖಾಲಿ ಜಮಖಾನ. ಮಾರ್ಥಾ ಯಾವಾಗಲೂ ಕೂರುವ ಜಾಗ.

"ತಂದೆಯೇ, ಸ್ತೋತ್ರ. ಅಮ್ಮನ ಆಪರೇಷನ್ ಚೆನ್ನಾಗಿ ಆಗಲಿ." ಮುಗಿಯಿತು. ಗಡಿಯಾರ ನೋಡಿದೆ. ಮೂರು ಗಂಟೆ ನಾಲ್ಕು ನಿಮಿಷ. ಇನ್ನೂ ಐವತ್ತಾರು ನಿಮಿಷ ಉಳಿದಿತ್ತು.

ನನ್ನ ಅಮ್ಮ ಸಾಯಬಹುದು. ನಾಳೆ ಬೆಳಿಗ್ಗೆ ಸಾಯಬಹುದು. ಅದಕ್ಕಾಗಿ ಬೇಡಲು ಅವಳ ಹೊಟ್ಟೆಯಲ್ಲಿ ಹುಟ್ಟಿದ ನನ್ನ ಹತ್ತಿರ ಎರಡು ವಾಕ್ಯ ಇದ್ದವು.

ಮಾರ್ಥಾಳ ಸತ್ಯವೇದ ತೆರೆದೆ. ಅಂಚಿನ ತುಂಬ ಪೆನ್ಸಿಲ್ ಗುರುತು. "ರ" ಎಂದಿದ್ದಲ್ಲೆಲ್ಲ ಅಮ್ಮ. ಹದಿನೇಳು ಕಡೆ ಎಣಿಸಿದೆ. ನನ್ನ ಅಮ್ಮನನ್ನು ಅವಳು ಹದಿನೇಳು ಕಡೆ ಇಟ್ಟುಕೊಂಡಿದ್ದಳು. ಪುಟ ತಿರುಗಿಸುತ್ತಾ ಹೋದೆ. ಆಮೇಲೆ ಇನ್ನೊಂದು ಗುರುತು ಸಿಕ್ಕಿತು. "ಸು."

ನನ್ನ ಹೆಸರು.

ಮಾತು ಕಳೆದುಕೊಂಡವನೊಬ್ಬ, ನನ್ನ ತುಟಿಗಳನ್ನು ನೀನೇ ತೆರೆಯಬೇಕೆಂದು ದೇವರನ್ನು ಬೇಡುವ ಸಾಲು ಅದು. ಅದರ ಪಕ್ಕದಲ್ಲಿ ನನ್ನ ಹೆಸರು, ಅದರ ಕೆಳಗೆ ಸಣ್ಣ ಸಣ್ಣ ಗೀಟುಗಳು. ಬೇಡಿದ ದಿನಗಳ ಲೆಕ್ಕ. ತೊಂಬತ್ತಕ್ಕೂ ಹೆಚ್ಚು. ನಾನು ಆಮೆನ್ ಎಣಿಸುತ್ತಿದ್ದ ಆ ದಿನಗಳಲ್ಲಿ ಅವಳು ಇದನ್ನು ಎಣಿಸುತ್ತಿದ್ದಳು.

ಯಾರಿಗಾದರೂ ಕರುಳು ಚುರ್ ಎನ್ನಬೇಕಿತ್ತು. ನನಗೆ ಮೈ ಉರಿಯಿತು. ನನಗೆ ಮಾತು ಬರುವುದಿಲ್ಲ ಎಂದು ಇವಳು ದಿನಾ ದೇವರ ಮುಂದೆ ಹೇಳಿಕೊಂಡು ಬಂದಿದ್ದಾಳೆ... ನನಗಾಗಿ ಬೇಡಿಕೊಡುತ್ತಿದ್ದಾಳೆ, ನಾನೇನೋ ಬೀದಿಯಲ್ಲಿ ಕೂತವಳ ಹಾಗೆ. ಈಗ ಅಮ್ಮನ ಮಂಚದ ಪಕ್ಕದಲ್ಲೂ ಅವಳೇ.

ಪುಟಗಳನ್ನು ಹಿಂದಕ್ಕೆ ಹೊರಳಿಸಿದೆ. ಏನು ಹುಡುಕುತ್ತಿದ್ದೇನೆಂದು ನನಗೆ ಗೊತ್ತಿತ್ತು. ವೈರಿಗಳ ತುಟಿ ಮೂಕವಾಗಲಿ ಎಂದು ಬೇಡುವ ಒಂದು ಕೀರ್ತನೆ. ಅಲ್ಲಿ ಅಂಚಿನಲ್ಲಿ ಮಾರ್ಥಾ "ಗಡ್ಡೆ" ಎಂದು ಬರೆದಿದ್ದಳು.

ನಾನು ಅದನ್ನು ಅಳಿಸಿದೆ. ಪೆನ್ಸಿಲ್ ತೆಗೆದುಕೊಂಡು, ಲ್ಯಾಬಿನಲ್ಲಿ ಬರೆಯುವ ದುಂಡಗಿನ ಅಕ್ಷರದಲ್ಲಿ, "ಮಾರ್ಥಾ" ಎಂದು ಬರೆದೆ.

ಜೋರಾಗಿ ಓದಿದೆ. ಮೂರು ಗಂಟೆ ಇಪ್ಪತ್ತೆರಡು ನಿಮಿಷ.

ನನ್ನ ಬಾಯಿ ತಡವರಿಸಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಮಾತು ಎದೆಯಿಂದ ಎದ್ದು ಬಂತು, ಒಂದರ ಹಿಂದೆ ಒಂದು, ತಳ್ಳಿಕೊಂಡು. ಪುಸ್ತಕ ನೋಡುವುದನ್ನೂ ಬಿಟ್ಟೆ. ಕಣ್ಣು ಮುಚ್ಚಿ ಬೇಡಿದೆ. ಮಾರ್ಥಾಳ ಆಡುವ ತುಟಿ, ಮಾರ್ಥಾಳ ನಾಲಿಗೆ, ಮಾರ್ಥಾಳ ಗಂಟಲು... ಬೆವರು ಕುತ್ತಿಗೆಯಿಂದ ಇಳಿಯಿತು. ಕೊನೆಗೆ ಉಸಿರು ಬಿಟ್ಟು ನಿಲ್ಲಿಸಿದೆ.

"ಆಮೆನ್."

ಅದನ್ನು ಹೇಳಿದ್ದು ನಾನಲ್ಲ.

ದನಿ ಎದುರಿನಿಂದ ಬಂದಿತ್ತು, ಖಾಲಿ ಜಮಖಾನದ ಕಡೆಯಿಂದ. ಮೃದುವಾಗಿ, ಕಡೆಯ ಅಕ್ಷರವನ್ನು ಸ್ವಲ್ಪ ಎಳೆದು. ಹಾಗೆ ಎಳೆಯುವವಳು ಈ ಸಭೆಯಲ್ಲಿ ಒಬ್ಬಳೇ.

ಕಣ್ಣು ತೆರೆಯಲು ಆಗಲಿಲ್ಲ. ಎಣ್ಣೆಯ ವಾಸನೆ ಹೋಗಿತ್ತು. ಕೋಣೆಯ ತುಂಬ ಲವಂಗದ ವಾಸನೆ, ಯಾರೋ ಮುಖದ ಹತ್ತಿರ ಬಂದು ಉಸಿರಾಡಿದ ಹಾಗೆ.

"ಮಾರ್ಥಾ?" ಎಂದೆ. ದನಿ ಹೊರಟಿತೋ ಇಲ್ಲವೋ ಗೊತ್ತಿಲ್ಲ.

ಎದುರಿನಿಂದ ಪ್ರಾರ್ಥನೆ ಶುರುವಾಯಿತು. "ನಮ್ಮ ಸುಜಾತಕ್ಕನ ಬಾಯಿ ತೆರಿ ತಂದಿ... ಅಕ್ಕಗ ಮಾತು ಕೊಡು... ನನಗ ಕೊಟ್ಟಿದ್ದು ಅಕ್ಕಗೂ ಕೊಡು..." ಅದೇ ಹರಿಯುವ ದನಿ. ಮೂರು ಇಪ್ಪತ್ತೇಳು. ಅರ್ಧ ಕಣ್ಣು ತೆರೆದು ಗಡಿಯಾರ ಮಾತ್ರ ನೋಡಿದೆ, ಎದುರಿಗೆ ನೋಡಲಿಲ್ಲ.

ಆ ದನಿ ನಿಲ್ಲಲಿಲ್ಲ. ಆದರೆ ಸ್ವಲ್ಪ ಹೊತ್ತಿಗೆ ತೆಳ್ಳಗಾಗತೊಡಗಿತು. ದೂರ ಹೋಗುತ್ತಿದ್ದ ಹಾಗಲ್ಲ, ಅಲ್ಲೇ ಎದುರಿಗೆ ಕೂತೇ ಸವೆಯುತ್ತಿದ್ದ ಹಾಗೆ. ಮೊದಲು ವಾಕ್ಯಗಳ ಕೊನೆ ಕೇಳಿಸಲಿಲ್ಲ. ಆಮೇಲೆ ಅರ್ಧ ಮಾತು. ಆಮೇಲೆ ನನ್ನ ಹೆಸರಿನ ಮೊದಲಕ್ಷರ ಮಾತ್ರ... ಸು... ಸು... ಕೊನೆಗೆ ಬರೀ ಉಸಿರು. ಗಂಟಲಿನಿಂದ ಏನನ್ನೋ ತರಲು ಹೆಣಗುವ ಒಣ ಉಸಿರು.

ಮೂರು ನಲವತ್ತಕ್ಕೆ ಅದೂ ನಿಂತಿತು.

ಕಣ್ಣು ತೆರೆದೆ. ಯಾರೂ ಇರಲಿಲ್ಲ. ಕುರ್ಚಿಗಳು ಹಾಗೆಯೇ ಇದ್ದವು. ಎದುರಿನ ಜಮಖಾನದಲ್ಲಿ ಮೊಣಕಾಲೂರಿದಷ್ಟು ಅಗಲಕ್ಕೆ ಎರಡು ಗುಳಿ ಬಿದ್ದಿದ್ದವು. ಹಳೆಯವೂ ಇರಬಹುದು. ನಾನು ಮುಟ್ಟಿ ನೋಡಲಿಲ್ಲ.

ಮತ್ತೆ ರಬ್ಬರ್ ತೆಗೆದುಕೊಂಡು ಅವಳ ಹೆಸರನ್ನು ತಿಕ್ಕಿದೆ. ಕಾಗದ ತೆಳ್ಳಗಾಗುವವರೆಗೆ ತಿಕ್ಕಿದೆ. ಸರಪಳಿ ಕಡಿಯಬಾರದೆಂಬುದು ಮರೆತುಹೋಗಿತ್ತು. ಮೆಟ್ಟಿಲು ಇಳಿದು ಓಡಿದೆ.

ಡೇನಿಯಲ್ ಅಂಕಲ್ ಕುರ್ಚಿಯಿಂದ ಎದ್ದರು. "ಏನಮ್ಮ, ಇನ್ನೂ ನಾಲ್ಕಾಗಿಲ್ಲ?"

"ಅಂಕಲ್, ಮೇಲಕ್ಕೆ ಯಾರಾದ್ರೂ ಬಂದ್ರಾ?"

"ನನ್ನ ದಾಟಿ ಯಾರು ಬರ್ತಾರೆ? ಎಚ್ಚರವಾಗೇ ಇದೀನಿ." ಆಮೇಲೆ ಮೇಲೆ ನೋಡಿ ಹೇಳಿದರು, "ಮಾರ್ಥಾ ಯಾವಾಗ ಬಂದ್ಳು? ನಾನು ಕುರ್ಚಿ ತರೋಕ್ ಹೋದಾಗ ಹತ್ತಿದ್ಲಾ? ನಿಮ್ಮಿಬ್ಬರ ದನೀನೂ ಕೇಳಿಸ್ತಾ ಇತ್ತು. ಚೆನ್ನಾಗಿ ಮಾಡ್ತಾಳಮ್ಮ ಆ ಹುಡುಗಿ..."

ನಾನು ಅವರ ಕುರ್ಚಿಯಲ್ಲಿ ಕೂತೆ. ಅವರೇ ಮೇಲೆ ಹೋಗಿ ನಾಲ್ಕರವರೆಗೆ ಪ್ರಾರ್ಥನೆ ಮುಂದುವರಿಸಿದರು. ಮೇಲೆ ಯಾರೂ ಇಲ್ಲದ್ದನ್ನು ಕಂಡಿದ್ದವರು, ಇಳಿದು ಬಂದಾಗ ನನ್ನ ಮುಖವನ್ನೇ ನೋಡಿದರು.

ನಾಲ್ಕೂ ಐದಕ್ಕೆ ಫೋನ್ ಬಂತು. ಮಾರ್ಥಾಳ ನಂಬರು. ಎತ್ತಿದೆ. ಆ ಕಡೆಯಿಂದ ಮಾತಿಲ್ಲ. ಒಣ ಉಸಿರು... ಅದೇ ಉಸಿರು. ಆಮೇಲೆ ಅಮ್ಮ ಫೋನು ತೆಗೆದುಕೊಂಡಳು.

"ಸುಜಿ, ಮಾರ್ಥಾಗೆ ಏನೋ ಆಗಿದೆ ಕಣೇ. ನಂಗೆ ಎಚ್ಚರ ಆಗಿ ಭಯ ಆಯ್ತು ಅಂತ ಕೀರ್ತನೆ ಹೇಳ್ತಾ ಇದ್ಲು. ಹೇಳ್ತಾ ಹೇಳ್ತಾ ದನಿ ಸಣ್ಣದಾಗ್ತಾ ಹೋಯ್ತು. ಈಗ ದನೀನೇ ಬರ್ತಾ ಇಲ್ಲ. ನರ್ಸು ಬಿಸಿನೀರು ಕೊಟ್ರು. ನೀನು ಬೇಗ ಬಾರೇ."

ಆರೂವರೆಗೆ ಆಸ್ಪತ್ರೆಯಲ್ಲಿದ್ದೆ. ಅಮ್ಮನಿಗೆ ಹಸಿರು ಬಟ್ಟೆ ತೊಡಿಸಿ ತಳ್ಳುಗಾಡಿಯ ಮೇಲೆ ಮಲಗಿಸಿದ್ದರು. ಪಕ್ಕದಲ್ಲಿ ಮಾರ್ಥಾ, ಗಂಟಲಿಗೆ ಕೈ ಇಟ್ಟುಕೊಂಡು. ನನ್ನನ್ನು ನೋಡಿದ್ದೇ ನಕ್ಕಳು, "ಏನಿಲ್ರಿ, ಹೋಗ್ತೈತಿ" ಎನ್ನುವ ಹಾಗೆ ಕೈ ಆಡಿಸಿದಳು. ಸತ್ಯವೇದವನ್ನು ಅವಳಿಗೆ ಹಿಂತಿರುಗಿಸಿದೆ. ಅವಳ ಕಣ್ಣು ನೋಡಲಿಲ್ಲ.

"ನೀನೇ ಮಾಡೇ ಪ್ರಾರ್ಥನೆ," ಎಂದಳು ಅಮ್ಮ. "ಇನ್ಯಾರು ಮಾಡ್ತಾರೆ."

ಇನ್ಯಾರು ಮಾಡ್ತಾರೆ. ಆ ಹೊತ್ತಿನಲ್ಲೂ ಆ ಮಾತು ನನಗೆ ಚುಚ್ಚಿತು.

ಅಮ್ಮನ ಹಣೆಯ ಮೇಲೆ ಕೈ ಇಟ್ಟೆ. ಎಂದಿನ ಎರಡು ವಾಕ್ಯಕ್ಕೆ ಬಾಯಿ ತೆರೆದೆ. ಮಾತು ಬಂತು. ಒಂದು ಕೀರ್ತನೆ ತನ್ನಷ್ಟಕ್ಕೆ ಬಿಚ್ಚಿಕೊಂಡಿತು. ಕಾಯುವವನು ತೂಕಡಿಸನು ಎಂಬ ಭಾವದ್ದು, ಅದರೊಳಗೆ ಅಮ್ಮನ ಹೆಸರು, ಅವಳ ಹೊಟ್ಟೆ, ಅವಳ ಭಯ, ಕತ್ತರಿ ಹಿಡಿಯುವ ಡಾಕ್ಟರ ಕೈ. ತಳ್ಳುಗಾಡಿ ಹಿಡಿದವನೂ ತಲೆ ತಗ್ಗಿಸಿ ನಿಂತ. ಎಲ್ಲೋ ನಡುವೆ ನನ್ನ ಕಿವಿಗೇ ಬಿತ್ತು, ನಾನು ಹೇಳುತ್ತಿದ್ದೆ: "ಅವ್ವಗ ಧೈರ್ಯ ಕೊಡು ತಂದಿ... ಅವ್ವನ ಕೈ ಬಿಡಬ್ಯಾಡ..."

ಅವ್ವ ಎಂದು ನಾನು ಹುಟ್ಟಿದಾಗಿನಿಂದ ಕರೆದವಳಲ್ಲ.

ಅಮ್ಮ ಕಣ್ಣು ತೆರೆದಳು. ಅವಳ ಮುಖ ಹಗುರಾಗಿತ್ತು. "ಥೇಟ್ ಮಾರ್ಥಾ ಮಾಡಿದ ಹಾಗೇ ಇತ್ತು ಕಣೇ," ಎಂದಳು.

ಮಾರ್ಥಾ ಗೋಡೆಗೆ ಒರಗಿ ಅಳುತ್ತಿದ್ದಳು. ಸಂತೋಷಕ್ಕೆ ಎಂದು ಎದೆ ಮುಟ್ಟಿ ತೋರಿಸಿದಳು. ಅದು ಸಂತೋಷವೇ ಎಂದು ನಂಬಲು ಇವತ್ತಿಗೂ ಪ್ರಯತ್ನಿಸುತ್ತಿದ್ದೇನೆ.

ಆಪರೇಷನ್ ಆಯಿತು. ಗಡ್ಡೆ ಕೆಟ್ಟದ್ದಲ್ಲ ಎಂದು ರಿಪೋರ್ಟ್ ಬಂತು. ಅಮ್ಮ ಈಗ ಎರಡು ಹೊತ್ತು ಅಡಿಗೆ ಮಾಡುತ್ತಾಳೆ, ಸಂಜೆ ಪಾರ್ಕಿಗೆ ಹೋಗುತ್ತಾಳೆ.

ಮಾರ್ಥಾಳ ದನಿ ಬಂದಿಲ್ಲ. ನಾಲ್ಕು ತಿಂಗಳಾಯಿತು. ಕಿವಿ, ಮೂಗು, ಗಂಟಲಿನ ಡಾಕ್ಟರು ಇಬ್ಬರು ಟ್ಯೂಬು ಇಳಿಸಿ ನೋಡಿದರು. ಎಲ್ಲ ಸರಿಯಾಗಿದೆ, ದನಿ ಬರಬೇಕು, ಯಾಕೆ ಬರುತ್ತಿಲ್ಲವೋ ತಿಳಿಯದು ಎಂದರು. ಅವಳು ಫೋನಿನಲ್ಲಿ ಟೈಪ್ ಮಾಡಿ ತೋರಿಸುತ್ತಾಳೆ. ಲವಂಗ ಈಗಲೂ ಬಿಟ್ಟಿಲ್ಲ. ಬುಧವಾರ ನನ್ನ ಪಕ್ಕದಲ್ಲೇ ಕೂರುತ್ತಾಳೆ, ಅವಳ ತುಟಿ ಅಲುಗುತ್ತಿರುತ್ತದೆ.

ನಾನು ಪ್ರಾರ್ಥಿಸುತ್ತೇನೆ. ಹತ್ತು ನಿಮಿಷ, ಹದಿನೈದು ನಿಮಿಷ. ಅಯ್ಯನವರು ಟೆಲಿಗ್ರಾಂ ಮಾತು ಎತ್ತುವುದಿಲ್ಲ. ಜನ ಪ್ರಾರ್ಥನೆಗೆಂದು ಮನೆ ಮನೆಗೆ ಕರೆಯುತ್ತಾರೆ. ಹೋದ ವಾರ ಮಲ್ಲತ್ತಹಳ್ಳಿಯಿಂದ ಒಬ್ಬರು ಮಗುವನ್ನು ಎತ್ತಿಕೊಂಡು ಬಂದಿದ್ದರು. ನನಗೆ ಬೇಕಾಗಿದ್ದದ್ದು ಎಲ್ಲ ಸಿಕ್ಕಿತು.

ಆದರೂ ಸಾಲದು. ಮೊನ್ನೆ ಅಮ್ಮ ಸಂಜೆ ಮೇಲಿನ ರೂಮಿನಿಂದ ಇಳಿದು ಬಂದಳು. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದೆ.

"ಮಾರ್ಥಾ ಜೊತೆ ಸುಮ್ನೆ ಕೂತಿದ್ದೆ ಕಣೇ."

"ಅವಳು ಮಾತೇ ಆಡಲ್ವಲ್ಲ. ಕೂತು ಏನ್ ಮಾಡ್ತೀಯ?"

"ಮಾತಿಲ್ದೇ ಇದ್ರೂ ಅವಳು ಪ್ರಾರ್ಥನೆ ಮಾಡ್ತಾ ಇದ್ರೆ ಮನಸ್ಸಿಗೆ ಸಮಾಧಾನ. ನಿಂದು ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದ್ರೆ ಅದ್ಯಾಕೋ..." ಅಮ್ಮ ಅಡುಗೆಮನೆಗೆ ಹೋದಳು.

ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ, ಭಾನುವಾರ ಸಂಜೆ, ನನ್ನ ರೂಮಿನ ಬಾಗಿಲು ಹಾಕಿ ಮಂಡಿಯೂರಿದೆ. ಇಷ್ಟು ದಿನ ಮಾರ್ಥಾಳಿಗಾಗಿ ಎಲ್ಲರೆದುರು ಬೇಡಿದ್ದೇನೆ, ಚೆಂದದ ಮಾತಿನಲ್ಲಿ. ಒಳಗಿನಿಂದ ಒಮ್ಮೆಯೂ ಬೇಡಿರಲಿಲ್ಲ. ಈ ಸಲ ಬೇಡಿದೆ. ಆ ರಾತ್ರಿ ನಾನು ಮಾಡಿದ್ದನ್ನು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದೆ. ಬಿದ್ದವರನ್ನು ಎತ್ತುವ ಕೀರ್ತನೆಯೊಂದನ್ನು ಹಿಡಿದು, ಅದರೊಳಗೆ ಅವಳ ಹೆಸರಿಟ್ಟೆ. ಮಾರ್ಥಾಳ ಕೂಗು ಕೇಳು. ಮಾರ್ಥಾಳಿಂದ ತೆಗೆದದ್ದನ್ನು ಅವಳಿಗೆ ಹಿಂದಕ್ಕೆ...

ನಾಲಿಗೆ ತೊಡರಿತು.

ಮತ್ತೆ ಶುರು ಮಾಡಿದೆ. ಮಾತುಗಳು ಒಂದೊಂದಾಗಿ ಕೈ ಜಾರಿದವು. ಒಣಗಿದ ಹಳೆಯ ಸದ್ದು. "ತಂದೆಯೇ, ಸ್ತೋತ್ರ... ಮಾರ್ಥಾಳಿಗೆ... ಮಾರ್ಥಾಳಿಗೆ ದನಿ..."

ಅಷ್ಟರಲ್ಲಿ ಮೇಲಿನಿಂದ ಕೇಳಿಸಿತು.

"ಅಕ್ಕಾ..."

ಒಡಕು ದನಿ. ತೀರಾ ತೆಳ್ಳಗೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಇನ್ನೊಂದು ವಾಕ್ಯ ಉಳಿದಿತ್ತು. ಅದು ನನ್ನ ಬಾಯಲ್ಲೇ ಇತ್ತು. ಎಷ್ಟು ಹೊತ್ತು ಹಾಗೇ ಮಂಡಿಯೂರಿದ್ದೆನೋ, ಆ ಸಲ ಗಡಿಯಾರ ನೋಡಲಿಲ್ಲ.

ನಾನು ಬಾಯಿ ಮುಚ್ಚಿದೆ.

"ಯಾರೋ ಕೂಗಿದ ಹಾಗಾಯ್ತಲ್ಲೇ?" ಎಂದಳು ಅಮ್ಮ ಬಾಗಿಲ ಹೊರಗಿನಿಂದ.

"ಪಕ್ಕದ ಮನೆ ಟಿವಿ ಕಣಮ್ಮ," ಎಂದೆ. ಮಾತು ಸಲೀಸಾಗಿ ಬಂತು.

ಮೇಲಿನಿಂದ ಮತ್ತೆ ಸದ್ದಿಲ್ಲ. ಎಂಟೂವರೆಗೆ ಮಾರ್ಥಾ ಊಟಕ್ಕೆ ಇಳಿದು ಬಂದಳು. ಅವಳ ಮುಖದಲ್ಲಿ ಎಂದೂ ಇರದ ಒಂದು ಬೆಳಕಿತ್ತು. ತಟ್ಟೆ ಮುಂದಿಟ್ಟುಕೊಂಡು ಗಂಟಲು ಮುಟ್ಟಿಕೊಂಡಳು, ಆಮೇಲೆ ನನ್ನ ಕಡೆ ತಿರುಗಿ, ಕೇಳಿಸಿತಾ ಎಂದು ಕಣ್ಣಲ್ಲೇ ಕೇಳಿದಳು.

ನಾನು ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ.